ವ್ಯಾನಿನಲ್ಲಿ ಐದನೆಯವರ ಜಾಗ

ನಾನು ಬೆಳೆದ ಮನೆಯ ಉದ್ದ ಒಂಬತ್ತೂವರೆ ಅಡಿ, ಅಗಲ ಐದು ಅಡಿಗೆ ಎರಡು ಬೆರಳು ಕಡಿಮೆ. ಇದು ಅಂದಾಜಲ್ಲ. ಅಪ್ಪ ತಕ್ಕಡಿ ರಿಪೇರಿಯವನು. ಅವನ ಮುಂದೆ ಅಂದಾಜಿನ ಮಾತಾಡಿದರೆ ಸಿಟ್ಟು ಮೂಗಿನ ತುದಿಗೆ ಬರುತ್ತಿತ್ತು. ಆ ಮನೆ ಒಂದು ಹಳೆಯ ವ್ಯಾನು. ಮೊದಲು ಅದು ಯಾವುದೋ ಗಿರಣಿಯ ನೂಲು ಸಾಗಿಸುತ್ತಿತ್ತಂತೆ. ನಮ್ಮ ಕೈಗೆ ಬರುವಷ್ಟರಲ್ಲಿ ಅದಕ್ಕೆ ಉಳಿದದ್ದು ಒಂದು ಕಿಟಕಿ, ಹಿಂದೆ ಎರಡು ಪಾಲಿನ ಬಾಗಿಲು, ತಗಡಿನ ಮಾಡು, ಏರು ಬಂದರೆ ಕೆಮ್ಮುವ ಇಂಜಿನ್ನು. ನವಲಗುಂದ, ಕುಂದಗೋಳ, ಅಣ್ಣಿಗೇರಿ ಸುತ್ತಿನ ಊರುಗಳಿಗೆ ಅಪ್ಪ ಅದನ್ನು ಓಡಿಸಿಕೊಂಡು ಹೋಗಿ, ಅಂಗಡಿಯವರ, ಅಡತಿ ದಲ್ಲಾಳಿಗಳ ತಕ್ಕಡಿ ಸರಿಮಾಡಿ, ಸವೆದ ತೂಕದ ಕಲ್ಲುಗಳಿಗೆ ಸೀಸ ತುಂಬಿ, ವರ್ಷಕ್ಕೊಮ್ಮೆ ಬರುವ ತೂಕ-ಅಳತೆ ಸಾಹೇಬರ ಮುದ್ರೆಗೆ ತಯಾರು ಮಾಡಿಕೊಡುತ್ತಿದ್ದ. ಒಂದೂರಲ್ಲಿ ಎಂಟು ದಿನ, ಇನ್ನೊಂದೂರಲ್ಲಿ ಹದಿನೈದು. ಗಂಡ ಒಂದು ಕಡೆ, ಮಕ್ಕಳು ಒಂದು ಕಡೆ ಇರುವ ಸಂಸಾರ ತನಗೆ ಬೇಡವೇ ಬೇಡ ಎಂದು ಹಟ ಹಿಡಿದು ಅವ್ವ ನಮ್ಮಿಬ್ಬರನ್ನೂ ಕಟ್ಟಿಕೊಂಡು ವ್ಯಾನು ಹತ್ತಿದ್ದಳು.

ಆ ಒಂಬತ್ತೂವರೆ ಅಡಿಯನ್ನು ಮನೆ ಮಾಡಿದವಳು ಅವಳೇ. ಯಾವ ಸಾಮಾನೂ ಒಂದೇ ಕೆಲಸ ಮಾಡಿಕೊಂಡು ಆರಾಮಾಗಿ ಕೂಡುವ ಹಾಗಿಲ್ಲ ಎಂಬುದು ಅವಳ ಕಾನೂನು. ಜೋಳದ ಹಿಟ್ಟಿನ ಡಬ್ಬಿ ನನ್ನ ತಮ್ಮ ಬಸುವಿನ ಕುರ್ಚಿ. ರೊಟ್ಟಿ ಬಡಿಯುವ ಹಲಗೆ ತಿರುವಿ ಹಾಕಿದರೆ ನಾನು ಬರೆಯುವ ಮೇಜು. ಬಾಗಿಲಿನ ಒಳಮೈಗೆ ಹಳೆ ಸೀರೆಯಲ್ಲಿ ಹೊಲಿದ ಹನ್ನೆರಡು ಕಿಸೆಗಳು. ಬಾಚಣಿಗೆ, ದಾರ, ನನ್ನ ಪಾಟಿ, ಸೀಗೆಕಾಯಿ, ಬಸುವಿನ ಹೊಟ್ಟೆನೋವಿನ ಔಷಧ, ಎಲ್ಲ ಅದರಲ್ಲಿ. ವಾರಕ್ಕಾಗುವಷ್ಟು ಗರಿಗರಿ ಒಣಗಿದ ಕಟಕ ರೊಟ್ಟಿ ಬಟ್ಟೆಯಲ್ಲಿ ಕಟ್ಟಿ ಮಾಡಿಗೆ ತೂಗುಬಿಟ್ಟಿರುತ್ತಿದ್ದಳು, ಕೆಳಗಿಟ್ಟರೆ ದಾರಿಯ ಕುಲುಕಿಗೆ ಪುಡಿಯಾಗುತ್ತಿದ್ದವು. ಎಡಕ್ಕೊಂದು ಬಲಕ್ಕೊಂದು ಉದ್ದನೆಯ ಹಲಗೆ, ಒಂದೊಂದೂ ಒಂದೂವರೆ ಅಡಿ ಅಗಲ. ಹಗಲು ಕೌದಿ ಮಡಚಿಟ್ಟರೆ ಕೂಡುವ ಮೆತ್ತೆ, ಸಂಜೆ ಬಿಚ್ಚಿದರೆ ಹಾಸಿಗೆ. ಹಲಗೆಗಳ ಕೆಳಗೆ ಕಬ್ಬಿಣದ ಕಲ್ಲುಗಳು, ಎರಡೂ ಬದಿಗೆ ಸಮ ಇರಬೇಕು, ಇಲ್ಲದಿದ್ದರೆ ವ್ಯಾನು ಒಂದು ಕಡೆ ವಾಲುತ್ತದೆ ಎಂದು ಅಪ್ಪ ತಾನೇ ಜೋಡಿಸುತ್ತಿದ್ದ. ಬಲಗಡೆಯ ಹಲಗೆ ಅಪ್ಪನದು, ಎಡಗಡೆಯದು ನನ್ನದು, ನಡುವೆ ಉಳಿದ ನೆಲದಲ್ಲಿ ಅವ್ವ ಮತ್ತು ಬಸು. ಮುಂದಿನ ಡ್ರೈವರ್ ಸೀಟು, ಅದರ ಬಾಜೂಕಿನ ಸೀಟು ಎರಡೂ ರಾತ್ರಿಯಾದರೆ ಗಿರಾಕಿಗಳ ತಕ್ಕಡಿಗೇ ಮೀಸಲು, ಹೊರಗೆ ಬಿಡುವಂತಿರಲಿಲ್ಲ.

ಅವ್ವನ ಕಾನೂನಿಗೆ ಬಗ್ಗದ ಸಾಮಾನು ಒಂದೇ ಒಂದಿತ್ತು. ಡ್ರೈವರ್ ಸೀಟಿನ ಬೆನ್ನಿಗೆ ಒಂದು ಉದ್ದನೆಯ ಮರದ ಪೆಟ್ಟಿಗೆ. ಅದರಲ್ಲಿ ಅರಳೆಯ ಹಾಸಿನ ಮೇಲೆ ಒಂದು ಸೂಕ್ಷ್ಮ ತಕ್ಕಡಿ, ಮಖಮಲ್ಲಿನ ಕುಳಿಗಳಲ್ಲಿ ಎರಡು ಕಿಲೋದಿಂದ ಹಿಡಿದು ಒಂದು ಗ್ರಾಮಿನವರೆಗೆ ಹಿತ್ತಾಳೆಯ ಮಾದರಿ ತೂಕಗಳು. ಉಳಿದ ಕಲ್ಲುಗಳೆಲ್ಲ ಸರಿಯೋ ತಪ್ಪೋ ಎಂದು ಹೇಳುವವು ಅವೇ. ಸಾಹೇಬರ ಕಚೇರಿಯಲ್ಲಿ ಪರೀಕ್ಷೆಯಾಗಿ ಬಂದವು. ಅಪ್ಪ ಅವನ್ನು ಮೆತ್ತನೆಯ ಬಟ್ಟೆಯಿಂದಲೇ ಎತ್ತುತ್ತಿದ್ದ. ಆ ಪೆಟ್ಟಿಗೆಯ ಮೇಲೆ ಏನೂ ಇಡಬಾರದು, ಅದಕ್ಕೆ ಏನೂ ಒರಗಬಾರದು. “ಮುಟ್ಟಬ್ಯಾಡ್ರಿ” ಎಂದಷ್ಟೇ ಹೇಳಿದ್ದ. ಯಾಕೆ ಎಂದು ಹೇಳುವ ಸ್ವಭಾವ ಅವನದಲ್ಲ, ಕೇಳುವ ಧೈರ್ಯ ನಮ್ಮದಲ್ಲ.

ಇಂಥ ಮನೆಗೆ ಆಯಿ ಬಂದಳು. ಆಯಿ ಎಂದರೆ ಅಪ್ಪನ ಅವ್ವ. ಯರಗುಪ್ಪಿಯಲ್ಲಿ ನಮ್ಮ ಕಾಕಾನ ಮನೆಯಲ್ಲಿದ್ದವಳು, ಕಾಕಾನ ಹೆಂಡತಿಯ ಜೊತೆ ಎರಡು ವರ್ಷ ಜಗಳಾಡಿ, ಕೊನೆಗೆ ಮಾತೇ ಬಿಟ್ಟು, ನಮ್ಮ ವ್ಯಾನು ಆ ಊರಿಗೆ ಹೋದಾಗ ತನ್ನ ತಗಡಿನ ಟ್ರಂಕು ಎತ್ತಿಕೊಂಡು ಬಂದು ಹಿಂದಿನ ಬಾಗಿಲಲ್ಲಿ ನಿಂತಳು.

“ಚನ್ನಪ್ಪಾ, ಆ ಮನ್ಯಾಗ ನಾ ಕೇಳಿ ನೀರು ಕುಡ್ಯಾಕತ್ತೀನಿ. ಇನ್ನ ಅಲ್ಲೆ ಇರೂದಿಲ್ಲ. ಗಾಲಿ ಮ್ಯಾಲಾದ್ರೂ ಅಡ್ಡಿಯಿಲ್ಲ, ನಿನ್ನ ಕೂಡ ಇರ್ತೀನಿ.”

ಅಪ್ಪ ಟ್ರಂಕು ಇಸಿದುಕೊಂಡು ಒಳಗಿಟ್ಟ. ಆಯಿಗೆ ಕಣ್ಣಿಗೆ ಪೊರೆ ಬಂದಿತ್ತು, ಮೊಣಕಾಲು ಮಡಚಲು ಬರುತ್ತಿರಲಿಲ್ಲ, ಕಾಲು ನೀಟಾಗಿ ಚಾಚಿಯೇ ಮಲಗಬೇಕು. ಎಡಗಡೆಯ ಹಲಗೆ ಆ ಸಂಜೆಯೇ ಅವಳದಾಯಿತು. ನನಗೆ ಸಿಟ್ಟು ಬರಲಿಲ್ಲ ಎಂದು ಹೇಳಿದರೆ ಸುಳ್ಳು. ಒಂಬತ್ತು ವರ್ಷದ ನನಗೆ ಜಗತ್ತಿನಲ್ಲಿ ನನ್ನದೆಂದು ಇದ್ದದ್ದು ಆ ಹಲಗೆ. ಅದರ ತಲೆಗಡೆಯ ಮರದಲ್ಲಿ ಒಂದು ಗಂಟು ಇತ್ತು, ನಿದ್ದೆ ಬರುವ ತನಕ ಅದನ್ನು ಬೆರಳಿನಿಂದ ಸವರುತ್ತಿದ್ದೆ.

ಮೊದಲೆರಡು ದಿನ ನಾನು ಆಯಿಯ ಕಾಲಕಡೆ ಮುದುಡಿಕೊಂಡೆ. ನಿದ್ದೆಯಲ್ಲಿ ಅವಳ ಮೊಣಕಾಲಿಗೆ ಒದ್ದೆ, ಅವಳು ನೋವಿಗೆ ಬೆಳತನಕ ಕೂತೇ ಇದ್ದಳು. ಮೂರನೆಯ ದಿನ ಅವ್ವ, ಬಸು, ನಾನು ಮೂವರೂ ನೆಲದ ಮೇಲೆ ಮಲಗಿ ನೋಡಿದೆವು. ಯಾರಾದರೂ ಒಬ್ಬರು ಹೊರಳಬೇಕಾದರೆ ಮೂವರೂ ಎದ್ದು ಹೊರಳಬೇಕು. ವ್ಯಾನಿನ ಅಡಿಯಲ್ಲಿ ಮಲಗುತ್ತೇನೆ ಎಂದೆ. ಹುಳಹುಪ್ಪಡಿ ಎಂದು ಅವ್ವ ಒಪ್ಪಲಿಲ್ಲ. ಮಾಡಿನ ಮೇಲೆ ಎಂದೆ. ಅಪ್ಪ ನನ್ನ ಮುಖ ನೋಡಿದ, ಅಷ್ಟೇ. ಆಮೇಲೆ ಅವ್ವ ಮಾಡಿನ ಎರಡು ಕೊಂಡಿಗೆ ಸೀರೆ ಕಟ್ಟಿ ಜೋಲಿ ಮಾಡಿಕೊಟ್ಟಳು. ಬಲು ಚಂದ ಇತ್ತು. ಎರಡು ದಿನ ರಾಣಿಯ ಹಾಗೆ ತೂಗಾಡಿದೆ. ಮೂರನೆಯ ಬೆಳಗಿನ ಜಾವ ಕೊಂಡಿ ಕಿತ್ತು ನಾನು ದೊಪ್ಪನೆ ಬಸುವಿನ ಮೇಲೆ ಬಿದ್ದೆ. ಅವನ ತುಟಿ ಒಡೆದು ಕೌದಿಯೆಲ್ಲ ರಕ್ತ.

ಅಪ್ಪ ರಕ್ತ ಒರೆಸಿದ. ಕೊಂಡಿ ಕಿತ್ತ ತೂತಿಗೆ ಅರಿವೆ ತುರುಕಿದ. ಆಮೇಲೆ ನನ್ನ ಕಡೆ ಕೈ ಮಾಡಿ ಅವ್ವನಿಗೆ ಹೇಳಿದ.

“ಅಣ್ಣಿಗೇರಿ ಮುದ್ರೆ ಕ್ಯಾಂಪ್ ಮುಗೀಲಿ. ನೀಲವ್ವನ್ನ ಯರಗುಪ್ಪಿಗೆ ಬಿಟ್ಟು ಬರ್ತೀನಿ. ಅಲ್ಲೇ ಸಾಲಿ ಕಲೀಲಿ.”

“ಅತ್ತಿ ಬಿಟ್ಟು ಬಂದ ಮನಿಗೆ ಕೂಸಿನ ಕಳಸ್ತೀರೇನ್ರಿ?”

“ಮತ್ತೇನ್ ಮಾಡ್ಲಿ? ಜಾಗಾ ತೋರಸು, ಇಟ್ಕೋ.”

ಜಾಗ ತೋರಿಸು, ಇಟ್ಟುಕೋ. ಆ ಮಾತು ಅವನು ಅವ್ವನಿಗೆ ಹೇಳಿದ್ದು, ಆದರೆ ನಾನು ಅದನ್ನು ನನ್ನ ತಲೆಗೆ ಕಟ್ಟಿಕೊಂಡೆ. ಯರಗುಪ್ಪಿಯ ಮನೆ ನನಗೆ ಗೊತ್ತಿತ್ತು. ಕಾಕಾನ ಹೆಂಡತಿ ಹೊಡೆಯುವವಳಲ್ಲ, ಬಯ್ಯುವವಳೂ ಅಲ್ಲ. ತಟ್ಟೆಗೆ ರೊಟ್ಟಿ ಹಾಕಿ, ಇನ್ನೊಂದು ಬೇಕೇ ಎಂದು ಕೇಳದೆ ಡಬ್ಬಿಯ ಮುಚ್ಚಳ ಹಾಕಿಬಿಡುತ್ತಿದ್ದಳು. ಅಣ್ಣಿಗೇರಿಗೆ ಮೊದಲು ತಿರ್ಲಾಪುರದಲ್ಲಿ ಎಂಟು ದಿನದ ಕೆಲಸ ಇತ್ತು. ಆ ಎಂಟು ದಿನದಲ್ಲಿ ನನ್ನ ಉದ್ದದ ಒಂದು ಜಾಗ ಹುಡುಕಬೇಕಿತ್ತು. ನಾನು ಗೇಣು ಹಾಕತೊಡಗಿದೆ. ನನ್ನ ಗೇಣಿನಲ್ಲಿ ನಾನು ಎಂಟು ಗೇಣು, ಕಾಲು ಮಡಚಿದರೆ ಆರು. ಹಲಗೆಯ ಕೆಳಗೆ ಉದ್ದ ಇತ್ತು, ಎತ್ತರ ಇರಲಿಲ್ಲ. ಬಾಗಿಲ ಬಳಿ ಎತ್ತರ ಇತ್ತು, ಉದ್ದ ಇರಲಿಲ್ಲ, ಸದ್ಯ ಅಲ್ಲೇ ಮುದುಡಿ ಮಲಗುತ್ತಿದ್ದೆ. ಹಿಟ್ಟಿನ ಡಬ್ಬಿ, ನೀರಿನ ಕೊಡ, ಸ್ಟೋವು ಎಲ್ಲವನ್ನೂ ಮನಸ್ಸಿನಲ್ಲೇ ಎತ್ತಿ ಎತ್ತಿ ಬೇರೆ ಕಡೆ ಇಟ್ಟು ನೋಡಿದೆ. ಊಟಕ್ಕೆ ಕೂತಾಗಲೂ ನನ್ನ ಬೆರಳುಗಳು ನೆಲದ ಮೇಲೆ ಅಳೆಯುತ್ತಿದ್ದವು. ಅವ್ವ ನೋಡಿಯೂ ನೋಡದ ಹಾಗಿರುತ್ತಿದ್ದಳು. ಅಪ್ಪ ಮತ್ತು ಅವಳ ನಡುವೆ ಆ ದಿನಗಳಲ್ಲಿ ಉಪ್ಪು, ನೀರು ಎಂಬಂಥ ಎರಡಕ್ಷರದ ಮಾತುಗಳಷ್ಟೇ ನಡೆದವು.

ಡ್ರೈವರ್ ಸೀಟಿನ ಬೆನ್ನಿಗಿದ್ದ ಪೆಟ್ಟಿಗೆಯ ಉದ್ದ ಸರಿಯಾಗಿ ಆರು ಗೇಣು.

ತಿರ್ಲಾಪುರದ ಕೊನೆಯ ದಿನ ಅಪ್ಪ ಅಂಗಡಿಗಳಿಗೆ ತಕ್ಕಡಿ ಮುಟ್ಟಿಸಲು ಹೋಗಿದ್ದ. ಅವ್ವ ಬಸುವನ್ನು ಕರೆದುಕೊಂಡು ಬಟ್ಟೆ ಒಗೆಯಲು ಹಳ್ಳಕ್ಕೆ ಹೋಗಿದ್ದಳು. ಆಯಿ ಬೇವಿನ ನೆರಳಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತೂಕಗಳನ್ನು ಬಟ್ಟೆಯಲ್ಲಿ ಸುತ್ತಿ ಬೇರೆ ಬೇರೆ ಕಡೆ ತುರುಕಲು ಬಂದರೆ ಪೆಟ್ಟಿಗೆಯೇ ಬೇಕಾಗಿಲ್ಲವಲ್ಲ ಎಂದು ನಾನು ಅದರ ಮುಚ್ಚಳ ತೆಗೆದೆ. ಒಳಗೆ ಹಿತ್ತಾಳೆಯೆಲ್ಲ ಕಂದಿ ಕಪ್ಪಾಗಿತ್ತು. ದೀಪಾವಳಿ ಹತ್ತಿರ ಬಂದಿತ್ತು. ಹಿಂದಿನ ದಿನವಷ್ಟೇ ಅವ್ವ ಕೊಡ, ಚರಿಗೆ, ದೀಪದ ಸಮೆ ಎಲ್ಲ ಹುಣಸೆಹಣ್ಣು, ಬೂದಿ ಹಾಕಿ ಫಳಫಳ ಬೆಳಗಿದ್ದಳು. ಹಿತ್ತಾಳೆ ಕಪ್ಪಿಟ್ಟರೆ ಆ ಮನೆಯ ಹೆಂಗಸಿಗೆ ಮರ್ಯಾದೆಯಿಲ್ಲ ಎಂದು ಕೇಳಿಯೇ ಬೆಳೆದವಳು ನಾನು. ಅಪ್ಪನಿಗೆ ಪಾಪ ಬೆಳಗಲು ಪುರುಸೊತ್ತಿಲ್ಲ, ಕೈ ಹೊಲಸಾಗುತ್ತದೆಂದೇ ಬಟ್ಟೆಯಿಂದ ಹಿಡಿಯುತ್ತಾನೆ ಎಂದುಕೊಂಡೆ. ಇವನ್ನು ಬಂಗಾರದ ಹಾಗೆ ಮಾಡಿಟ್ಟರೆ, ಇಂಥ ಮಗಳನ್ನು ಬಿಟ್ಟಿರಲು ಅವನಿಗೆ ಮನಸ್ಸು ಬಂದೀತೇ?

ಎರಡು ಕಿಲೋದ್ದು, ಒಂದು ಕಿಲೋದ್ದು, ಅರ್ಧ ಕಿಲೋದ್ದು, ಮೂರನ್ನೂ ಎತ್ತಿಕೊಂಡು ವ್ಯಾನಿನ ಹಿಂದೆ ಕೂತೆ. ಹುಣಸೆಹಣ್ಣು ಕಿವುಚಿ, ಬೂದಿ ಬೆರೆಸಿ, ತೆಂಗಿನ ನಾರಿನಿಂದ ಮೈಯಲ್ಲಿದ್ದ ಶಕ್ತಿಯೆಲ್ಲ ಹಾಕಿ ತಿಕ್ಕಿದೆ. ಸದ್ದಿಗೆ ಆಯಿ ಮುಖ ಈ ಕಡೆ ತಿರುಗಿಸಿದಳು.

“ಏನ್ ತಿಕ್ಕಾಕತ್ತೀಯವ್ವಾ?”

“ತಂಬಗಿ, ಆಯಿ.”

“ನಿನ್ನೆ ತಿಕ್ಕಿದ್ಲಲ್ಲ ನಿಮ್ಮವ್ವ?”

“ಒಂದು ಉಳದಿತ್ತು.”

ಯಾಕೆ ಸುಳ್ಳು ಹೇಳಿದೆನೋ. ಅಪ್ಪ ಮುಟ್ಟಬೇಡ ಎಂದದ್ದು ನೆನಪಾಗಿತ್ತು, ಅಷ್ಟೇ ಇರಬೇಕು. ಹಳ್ಳದ ಕಡೆಯಿಂದ ಬಸುವಿನ ದನಿ ಕೇಳಿಸಿತು. ಸಣ್ಣ ತೂಕಗಳನ್ನು ಹಾಗೇ ಬಿಟ್ಟು, ಮೂರನ್ನೂ ಒರೆಸಿ ಕುಳಿಗಳಲ್ಲಿ ಕೂಡಿಸಿ ಮುಚ್ಚಳ ಹಾಕಿದೆ.

ಮರುದಿನ ಬೆಳಿಗ್ಗೆ ಅಣ್ಣಿಗೇರಿ ಮುಟ್ಟಿದೆವು. ಪೇಟೆಯ ಒಂದು ಅಡತಿ ಅಂಗಡಿಯ ಕಟ್ಟೆಯ ಮೇಲೆ ಕ್ಯಾಂಪು. ಸುಗ್ಗಿಯ ಮೊದಲಿನ ಮುದ್ರೆ. ಸಾಹೇಬರು ಹತ್ತು ಗಂಟೆಗೆ ಬರುವವರಿದ್ದರು. ಅಂಗಡಿಯವರು ಆಗಲೇ ತಮ್ಮ ತಮ್ಮ ಕಲ್ಲು, ತಕ್ಕಡಿ ತಂದು ಸಾಲಾಗಿ ಇಟ್ಟಿದ್ದರು. ಅಪ್ಪ ಪೆಟ್ಟಿಗೆಯನ್ನು ಕಟ್ಟೆಯ ಮೇಲಿಟ್ಟು ಮುಚ್ಚಳ ತೆಗೆದ. ನಾನು ವ್ಯಾನಿನ ಬಾಗಿಲಲ್ಲಿ ನಿಂತು ಅವನ ಮುಖವನ್ನೇ ನೋಡುತ್ತಿದ್ದೆ. ಅವನು ನಗುವುದನ್ನು ನೋಡಬೇಕಿತ್ತು ನನಗೆ. ಅವನು ನಗಲಿಲ್ಲ. ಬಟ್ಟೆಯಿಂದ ಅರ್ಧ ಕಿಲೋದ ತೂಕವನ್ನು ಎತ್ತಿ ಬೆಳಕಿಗೆ ಹಿಡಿದ. ಸೂಕ್ಷ್ಮ ತಕ್ಕಡಿಯನ್ನು ಹೊರತೆಗೆದು ನಿಲ್ಲಿಸಿದ. ಒಂದು ತಟ್ಟೆಗೆ ಅರ್ಧ ಕಿಲೋ ಇಟ್ಟ, ಇನ್ನೊಂದಕ್ಕೆ ಎರಡು ಇನ್ನೂರರವು, ಒಂದು ನೂರರದ್ದು. ಅವು ನಾನು ತಿಕ್ಕದೆ ಬಿಟ್ಟವು. ತಕ್ಕಡಿಯ ಮುಳ್ಳು ತೂಗಾಡಿ ತೂಗಾಡಿ ನಿಂತಿತು. ನಡುವಿಗೆ ಬರಲಿಲ್ಲ. ಕೂದಲೆಳೆಯಷ್ಟು ಆಚೆಗೇ ನಿಂತಿತು. ಅಪ್ಪ ಮುಳ್ಳಿಗೆ ಬೆರಳು ಹಚ್ಚಿ ಮತ್ತೊಮ್ಮೆ ಬಿಟ್ಟ. ಅದು ಮತ್ತೆ ಅಲ್ಲಿಗೇ ಹೋಗಿ ನಿಂತಿತು. ಅವನ ಬೆನ್ನು ಬೆವತು ಅಂಗಿ ಅಂಟಿಕೊಂಡದ್ದು ನನಗೆ ಅಷ್ಟು ದೂರದಿಂದ ಕಾಣುತ್ತಿತ್ತು. ಆಗ ನನಗೆ ಅರ್ಥವಾಯಿತು. ತಿಕ್ಕಿದಾಗ ನೀರಿನ ಜೊತೆ ಹರಿದುಹೋದ ಕಪ್ಪು ಬರೀ ಕೊಳೆಯಲ್ಲ, ತೂಕವೂ ಹೋಗಿತ್ತು.

ಅವನು ಪೆಟ್ಟಿಗೆ ಮುಚ್ಚಿ ವ್ಯಾನಿಗೆ ಬಂದ. ದನಿ ಏರಿಸಲಿಲ್ಲ.

“ಮಾದರಿ ತೂಕ ಯಾರು ಬೆಳಗಿದ್ರಿ?”

ಅವ್ವ ಸ್ಟೋವಿನ ಮುಂದಿದ್ದಳು. ತಿರುಗಿ ನೋಡಿದಳು.

“ನಾ ಯಾಕ ಮುಟ್ಲಿ ಅವನ್ನ? ಇಷ್ಟು ವರ್ಷ ಆತು, ಒಮ್ಮೆರ ಮುಟ್ಟೀನೇನ್ರಿ?”

ಬಸು ತುಟಿ ಚೀಪುತ್ತ ಕೂತಿದ್ದ. ಅಪ್ಪನ ಕಣ್ಣು ನನ್ನ ಕಡೆ ತಿರುಗಿತು. ನಾನೇ ಎಂದು ಹೇಳಿದರೆ ನಾಳೆಯೇ ಯರಗುಪ್ಪಿ, ಮತ್ತೆ ಎಂದೂ ಈ ಬಾಗಿಲು ನನಗೆ ತೆರೆಯುವುದಿಲ್ಲ. ಹೇಳಬೇಕೆಂದು ಬಾಯಿ ತೆರೆದೆನೋ ಇಲ್ಲವೋ ಇವತ್ತಿಗೂ ನಿಜವಾಗಿ ಗೊತ್ತಿಲ್ಲ. ಅಷ್ಟರಲ್ಲಿ ಎಡಗಡೆಯ ಹಲಗೆಯಿಂದ ಆಯಿ ಮಾತಾಡಿದಳು.

“ನಾನ ತಿಕ್ಕೇನಿ ಬಿಡೋ ಚನ್ನಪ್ಪಾ. ಹಬ್ಬ ಬಂತಲ್ಲ. ಕಣ್ಣು ಎಲ್ಲಿ ಕಾಣಸ್ತಾವು ನನಗ? ತಂಬಗಿ ಅಂತ ತಿಳದು ತಿಕ್ಕಿದೆ.”

ಅಪ್ಪ ಅವಳ ಮುಖ ನೋಡಿದ. ಅವಳು ಮುಖ ಕೆಳಗೆ ಮಾಡಲಿಲ್ಲ. ಆಮೇಲೆ ಅವನು ಹೋಗಿ, ಸಾಹೇಬರು ಬಂದ ಕೂಡಲೇ, ಯಾರೂ ಕೇಳುವ ಮೊದಲೇ ತನ್ನ ತೂಕಗಳು ಕೆಟ್ಟಿವೆ ಎಂದು ತಾನೇ ಹೇಳಿದ. ಹೇಳದಿದ್ದರೂ ನಡೆಯುತ್ತಿತ್ತು, ಅಂಗಡಿಯವರ ಕಣ್ಣಿಗೆ ಕಾಣುವ ವ್ಯತ್ಯಾಸವೇ ಅಲ್ಲ ಅದು. ಅಪ್ಪ ಅಂಥವನಲ್ಲ. ಸಾಹೇಬರು ಪೆಟ್ಟಿಗೆಯನ್ನು ತಿರುಗಿ ಪರೀಕ್ಷೆಗೆ ಕಳಿಸಬೇಕೆಂದರು, ಅದು ಬರುವ ತನಕ ಅವನು ಯಾರ ಕಲ್ಲನ್ನೂ ಮುಟ್ಟುವ ಹಾಗಿಲ್ಲ ಎಂದರು. ಅಂಗಡಿಯವರು ಗೊಣಗುತ್ತ ತಮ್ಮ ತಕ್ಕಡಿಗಳನ್ನು ಎತ್ತಿಕೊಂಡು ಹೋದರು. ಇಡೀ ಸುಗ್ಗಿಯ ಕೆಲಸ ನಿಂತಿತು.

ಮಧ್ಯಾಹ್ನ ನಾವು ಉಂಡದ್ದು ಕಟಕ ರೊಟ್ಟಿ, ಶೇಂಗಾ ಚಟ್ನಿ. ಕಟಕ ರೊಟ್ಟಿ ಮುರಿದರೆ ಸದ್ದಾಗುತ್ತದೆ. ಆ ದಿನ ಎಲ್ಲರೂ ಸದ್ದಾಗದ ಹಾಗೆ ಮುರಿಯಲು ನೋಡುತ್ತಿದ್ದೆವು. ಅಪ್ಪ ಕೈ ತೊಳೆದುಕೊಂಡ ಮೇಲೆ ಹೇಳಿದ.

“ಯವ್ವಾ, ಈ ಇಕ್ಕಟ್ಟಿನ್ಯಾಗ ನಿನಗ ಆಗೂದಿಲ್ಲ. ಇವತ್ತ ತೂಕ, ನಾಳೆ ಸ್ಟೋವಿಗೆ ಕೈ ಹಾಕ್ತಿ. ನಾಳೆ ಯರಗುಪ್ಪಿಗೆ ಹೋಗೂಣು.”

“ಆತಪ್ಪಾ,” ಎಂದಳು ಆಯಿ. ಯಾವ ಮನೆಯಲ್ಲಿ ಕೇಳಿ ನೀರು ಕುಡಿಯಬೇಕೋ ಆ ಮನೆಗೆ ಹೋಗಲು ಅವಳು ಅಷ್ಟೇ ಹೇಳಿದ್ದು.

ಪಾತ್ರೆ ತೊಳೆಯುವ ಹೊತ್ತಿಗೆ ಅವ್ವ ನನ್ನನ್ನು ವ್ಯಾನಿನ ಹಿಂದಕ್ಕೆ ಕರೆದಳು. “ಕೈ ತೋರಸು” ಎಂದಳು. ತೋರಿಸಿದೆ. ಉಗುರಿನ ಸಂದಿಯಲ್ಲಿ, ಬೆರಳ ಗೆರೆಗಳಲ್ಲಿ ಹಿತ್ತಾಳೆಯ ಕಪ್ಪು ಹಾಗೇ ಕೂತಿತ್ತು. ಅವಳ ಕೈಬೆರಳಲ್ಲೂ ಇತ್ತು, ಆದರೆ ಅವಳು ಬೆಳಗಿ ಎರಡು ದಿನವಾಗಿ ಮಾಸಿತ್ತು, ನನ್ನದು ಹೊಸದು. ಅವಳು ನನ್ನ ಮುಖ ನೋಡಿದಳು. ನಾನು ಹೊಡೆತಕ್ಕೆ ಮೈ ಬಿಗಿಮಾಡಿಕೊಂಡೆ. ಅವಳು ಹೊಡೆಯಲಿಲ್ಲ. ಒಂದು ಕಡ್ಡಿ ತೆಗೆದುಕೊಂಡು ಒಂದೊಂದೇ ಉಗುರಿನ ಕಪ್ಪು ಕೀಳತೊಡಗಿದಳು. ಎರಡು ಕಡೆ ಚುಚ್ಚಿ ರಕ್ತ ಬಂತು, ನಾನು ಕೂಗಲಿಲ್ಲ. ಒಳಗಿನಿಂದ ಅಪ್ಪ, ಏನು ಮಾಡುತ್ತಿದ್ದೀರಿ ಎಂದು ಕೇಳಿದ.

“ಏನಿಲ್ರಿ. ಕೈ ತೊಳಸಾಕತ್ತೀನಿ ಕೂಸಿಂದು.”

ಅವ್ವ ಕಳ್ಳಿಯೋ ತಾಯಿಯೋ ಎಂದು ನಾನು ಎಷ್ಟೋ ಸಲ ನನ್ನೊಳಗೇ ಜಗಳಾಡಿದ್ದೇನೆ. ಎರಡೂ ಹೌದು. ಅವಳಿಗೆ ನಾನು ಬೇಕಾಗಿತ್ತು, ಅದಕ್ಕೆ ಬಾಯಿ ಮುಚ್ಚಿಕೊಂಡಳು. ನನ್ನ ಬಾಯನ್ನೂ ಮುಚ್ಚಿಸಿದಳು ಎಂದು ಅವಳ ಮೇಲೆ ಹಾಕಲಾರೆ. ಅದು ಮುಚ್ಚಿಯೇ ಇತ್ತು.

ಕೆಲಸವಿಲ್ಲದೆ ವ್ಯಾನಿಗೆ ಎಣ್ಣೆಯ ಖರ್ಚು ಬೇಡವೆಂದು ಮರುದಿನ ಬಸ್ ಸ್ಟ್ಯಾಂಡಿಗೆ ಅಪ್ಪ ಟ್ರಂಕು ಹೊತ್ತು ಮುಂದೆ ನಡೆದ. ಹಿಂದೆ ಆಯಿ ನನ್ನ ಹೆಗಲ ಮೇಲೆ ಕೈಯಿಟ್ಟು ಬಂದಳು. ಅಪ್ಪ ಬಸ್ಸು ಕೇಳಲು ಹೋದಾಗ ನಾವಿಬ್ಬರೇ ಕಟ್ಟೆಯ ಮೇಲೆ ಕೂತಿದ್ದೆವು. ಈಗ ಹೇಳಬೇಕು, ಈಗ ಎಂದುಕೊಳ್ಳುತ್ತಿದ್ದೆ. ಅಪ್ಪನಿಗೆ ಕೂಗಿ ಹೇಳಲು ಹತ್ತು ಹೆಜ್ಜೆ ಸಾಕಿತ್ತು.

“ಆಯಿ, ಅದು ತಂಬಗಿ ಅಲ್ಲ,” ಎಂದೆ.

“ಗೊತ್ತೈತಿ. ತಂಬಗಿ ಸಪ್ಪಳಾ ನನಗ ತಿಳಿಯಂಗಿಲ್ಲೇನ?”

“ಅಪ್ಪಗ ಹೇಳ್ಲಿ?”

ಅವಳು ಪೊರೆ ಬಂದ ಕಣ್ಣನ್ನು ನನ್ನ ಕಡೆ ತಿರುಗಿಸಿದಳು. ಬೇಡ ಎನ್ನಲಿಲ್ಲ. ಹೇಳು ಎಂದೂ ಅನ್ನಲಿಲ್ಲ. ಅವಳು ಕಾಯುತ್ತಿದ್ದಳು ಎಂದು ನನಗೆ ಈಗ, ಅವಳ ವಯಸ್ಸಿಗೆ ಬಂದ ಮೇಲೆ ಅನ್ನಿಸುತ್ತದೆ. ನಾನು ಕೂತಲ್ಲಿಂದ ಏಳಲಿಲ್ಲ. ಬಸ್ಸು ಬಂತು. ಅಪ್ಪ ಕೈ ಹಿಡಿದು ಹತ್ತಿಸಿ ತಾನೂ ಹತ್ತಿದ. ಕಿಟಕಿಯಿಂದ ಆಯಿ ಹೇಳಿದಳು, “ಇನ್ನ ಕಾಲು ಚಾಚಿ ಮಲಕೋ.”

ಯರಗುಪ್ಪಿಯಲ್ಲಿ ಅವಳು ಇನ್ನೂ ಮೂರು ವರ್ಷ ಬದುಕಿದಳು. ನಾನು ಎರಡು ಸಲ ಹೋಗಿ ನೋಡಿದೆ, ಎರಡು ಸಲವೂ ಅವಳು ಓದು ಹೇಗಿದೆ ಎಂದಷ್ಟೇ ಕೇಳಿದಳು. ಅಪ್ಪನಿಗೆ ಕೊನೆಯವರೆಗೂ ತಿಳಿಯಲಿಲ್ಲ. ತನ್ನ ಅವ್ವನ ಕೈಯಿಂದ ತೂಕ ಕೆಟ್ಟವೆಂದು ನಂಬಿಕೊಂಡೇ ಹೋದ.

ಆಯಿ ಬಸ್ಸು ಹತ್ತಿದ ದಿನ ಸಂಜೆ ಅವ್ವ ಎಡಗಡೆಯ ಹಲಗೆಯ ಮೇಲೆ ನನ್ನ ಕೌದಿ ಹಾಸಿದಳು. ನಿದ್ದೆ ಬರಲಿಲ್ಲ, ಬೆಳತನಕ ಅತ್ತೆ ಎಂದು ಬರೆದರೆ ಓದುವವರಿಗೆ ಹಿಡಿಸೀತು, ನನಗೂ ಬರೆಯಲು ಸುಲಭ. ಆದರೆ ನಿದ್ದೆ ಬಂತು. ಹದಿನೈದು ದಿನ ಮುದುಡಿದ್ದ ಕಾಲುಗಳನ್ನು ಚಾಚಿದ ಕೂಡಲೇ ಬಂತು. ಬಿಸಿಲೇರಿದ ಮೇಲೆ ಅವ್ವನೇ ಬಂದು ಎಬ್ಬಿಸಬೇಕಾಯಿತು.